ಮನೆಯೊಳಗಿನ ಏಟು, ಮಕ್ಕಳ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. 20 ವರ್ಷದಿಂದ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳ ಜೊತೆಗಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಪೋಷಕರ ಸಭೆ ಮುಗಿದ ಮೇಲೆ ಉಳಿದವರೆಲ್ಲ ಹೋಗಲಿ ಅಂತ ಕಾಯ್ದು, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಮಾತು ಶುರು ಮಾಡುವ ತಾಯಂದಿರನ್ನು ತುಂಬ ನೋಡಿದ್ದೇನೆ. ಅವರು ಕೇಳಿದ ಪ್ರಶ್ನೆಗಳು, ಮಕ್ಕಳು ಕೇಳಿದ ಪ್ರಶ್ನೆಗಳು ಇಲ್ಲಿವೆ. ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಹೆಂಡತಿ ಜಗಳ ಯಾವ ಮನೆಯಲ್ಲಿಲ್ಲ ಮೇಡಂ? ಇದನ್ನೇಕೆ ದೊಡ್ಡದು ಮಾಡ್ತೀರಿ?

ಜಗಳ ಎಲ್ಲ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ. ಮಂಡಕ್ಕಿಗೆ ಖಾರ ಜಾಸ್ತಿಯಾಯ್ತು ಅಂತ ಶುರುವಾಗಿ ರಾತ್ರಿ ಊಟದ ಹೊತ್ತಿಗೆ ಮುಗಿಯುವ ಜಗಳದಿಂದ ಯಾವ ಮಗುವೂ ಹಾಳಾಗುವುದಿಲ್ಲ. ಅಪ್ಪ ಅಮ್ಮ ಜಗಳಾಡಿ ಆಮೇಲೆ ರಾಜಿಯಾಗಿದ್ದನ್ನು ಮಗು ನೋಡಿದರೆ ಅದೂ ಒಂದು ಪಾಠವೇ. ನಾನು ಹೇಳುವುದು ಬೇರೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಹೆದರಿಕೆ ಇರುವ ಮನೆ. ಕೈ ಎತ್ತುವುದು, ಪಾತ್ರೆ ಎಸೆಯುವುದು, ರಾತ್ರಿ ಹೊರಗೆ ಹಾಕಿ ಬಾಗಿಲು ಮುಚ್ಚುವುದು, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ದಿನಾ ಹೀಯಾಳಿಸುವುದು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತ ಹೇಳಿ ಹಿರಿಯರು ಎದ್ದು ಹೋಗುತ್ತಾರೆ. ಅದೇ ಹಿರಿಯರ ಬಾಯಲ್ಲಿ ಇನ್ನೊಂದು ಮಾತೂ ಇದೆಯಲ್ಲ, "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಅಂತ. ನನಗೆ ಈ ಎರಡನೆಯದೇ ಹೆಚ್ಚು ನಿಜ ಅನಿಸುತ್ತದೆ.

ಇದು ಅಲ್ಲೊಂದು ಇಲ್ಲೊಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಬೆಳಿಗ್ಗೆ ಹಾಜರಿ ಕರೆಯುವಾಗ ಈ ಲೆಕ್ಕ ನನ್ನ ತಲೆಯಲ್ಲಿ ಓಡುತ್ತದೆ.

ಮಗುವಿಗೆ ಒಂದೇಟೂ ಬಿದ್ದಿಲ್ಲ. ನಮ್ಮಿಬ್ಬರ ಗಲಾಟೆಯಿಂದ ಅದಕ್ಕೇನು ತೊಂದರೆ?

ಮಗು ಹೊದ್ದು ಮಲಗಿದೆ, ನಿದ್ದೆ ಬಂದಿದೆ ಅಂದುಕೊಳ್ಳುತ್ತೇವೆ. ಬಂದಿರುವುದಿಲ್ಲ.

ಒಬ್ಬ ಹುಡುಗ ನನಗೆ ಹೇಳಿದ್ದ: "ಅಪ್ಪ ಬೈಕ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಗೊತ್ತಾಗುತ್ತೆ ಮಿಸ್, ಇವತ್ತು ಹೆಂಗೆ ಅಂತ." ಒಂದೇ ಸಲಕ್ಕೆ ಟಕ್ ಅಂದರೆ ಪರವಾಗಿಲ್ಲ. ಎರಡು ಮೂರು ಸಲ ಜಾರಿದ ಸದ್ದು ಬಂದರೆ ಕುಡಿದು ಬಂದಿದ್ದಾರೆ ಅಂತ ಅರ್ಥ. ಆಗ ಅವನು ತಂಗಿಯನ್ನು ಎಬ್ಬಿಸಿಕೊಂಡು ಹಿತ್ತಿಲ ಕಡೆ ಹೋಗಬೇಕು. 13 ವರ್ಷದ ಹುಡುಗ ದಿನಾ ರಾತ್ರಿ ಆ ಒಂದು ಸದ್ದಿಗೆ ಕಿವಿ ಕೊಟ್ಟು ಮಲಗಿರುತ್ತಿದ್ದ. ಕ್ಲಾಸಿನಲ್ಲಿ ತೂಕಡಿಸುತ್ತಾನೆ ಅಂತ ಅವನನ್ನೇ ನಾನು ಎರಡು ಸಲ ಹೊರಗೆ ನಿಲ್ಲಿಸಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಪಾಯ ಎದುರಾದಾಗ ಕಾರ್ಟಿಸಾಲ್‌ನಂಥ ಹಾರ್ಮೋನು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈಯೆಲ್ಲ ಎಚ್ಚರವಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲ ಇಳಿಯಬೇಕು. ದಿನಾ ಹೀಗೇ ಆದರೆ ಆ ಎಚ್ಚರ ಇಳಿಯುವುದೇ ಇಲ್ಲ. ನಿದ್ದೆ, ಹಸಿವು, ನೆನಪು, ಓದಿನ ಮೇಲಿನ ಗಮನ ಎಲ್ಲ ಕೆಡುತ್ತವೆ. ಏಟು ತಿಂದ ಮಗುವಿಗೂ ಅಷ್ಟೇ, ಏಟು ನೋಡಿದ ಮಗುವಿಗೂ ಅಷ್ಟೇ.

ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಅವರ ಜೊತೆಗಾರರು 9,500ಕ್ಕೂ ಹೆಚ್ಚು ದೊಡ್ಡವರ ಬಾಲ್ಯದ ಬಗ್ಗೆ ವಿಚಾರಿಸಿದರು. ಅಮ್ಮನಿಗೆ ಹೊಡೆಯುವುದನ್ನು ನೋಡಿ ಬೆಳೆದಿದ್ದರೆ ಅದನ್ನೂ ಆ ಮಗುವಿಗೇ ಆದ ನೋವು ಅಂತ ಲೆಕ್ಕಕ್ಕೆ ಹಿಡಿದರು. 1998ರಲ್ಲಿ ಅವರು ಪ್ರಕಟಿಸಿದ್ದು ಇದು: ಬಾಲ್ಯದಲ್ಲಿ ಇಂಥ ನೋವುಗಳು ಹೆಚ್ಚಿದ್ದಷ್ಟೂ ಮುಂದೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಪ್ರಯತ್ನ ಎಲ್ಲವೂ ಹೆಚ್ಚು.

ಆತ್ಮಗೌರವ ಅಂದರೆ ಏನು? ಸ್ವಾಭಿಮಾನವಾ, ಜಂಬವಾ?

ನಾವು ಸ್ವಾಭಿಮಾನಿ ಅನ್ನುವುದು ಯಾರ ಮುಂದೆಯೂ ಕೈ ಒಡ್ಡದವರಿಗೆ. ಜಂಬ ಅಂದರೆ ಇನ್ನೊಬ್ಬರಿಗಿಂತ ನಾನು ಮೇಲು ಅನ್ನುವುದು. ನಾನು ಇಲ್ಲಿ ಹೇಳುವ ಆತ್ಮಗೌರವ ಇವೆರಡಕ್ಕಿಂತ ಸರಳ. ನನಗೂ ಒಂದು ಬೆಲೆ ಇದೆ ಅನ್ನುವ ನಂಬಿಕೆ, ಅಷ್ಟೇ. ಪರೀಕ್ಷೆಯಲ್ಲಿ ಫೇಲ್ ಆದ ದಿನವೂ ಉಳಿಯುವ ನಂಬಿಕೆ. ಮೋರಿಸ್ ರೋಸೆನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞ 1965ರಲ್ಲಿ ಇದನ್ನು ಅಳೆಯಲು ಹತ್ತೇ ಹತ್ತು ವಾಕ್ಯಗಳ ಪಟ್ಟಿ ಮಾಡಿದ, ಹದಿಹರೆಯದ ಮಕ್ಕಳಿಗಾಗಿಯೇ. ಇವತ್ತಿಗೂ ಅದು ಬಳಕೆಯಲ್ಲಿದೆ.

ಏಟಿಗೂ ಆತ್ಮಗೌರವಕ್ಕೂ ಏನು ಸಂಬಂಧ?

ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಗಣಿತದ ನೋಟ್‌ಬುಕ್ ತಿದ್ದುತ್ತಿದ್ದೆ. ಒಂದು ಲೆಕ್ಕದ ಜಾಗದಲ್ಲಿ ಹಾಳೆ ತೂತಾಗಿತ್ತು. ರಬ್ಬರಿನಿಂದ ಅಳಿಸಿ ಅಳಿಸಿ ಹರಿದುಹೋಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಅಚ್ಚೊತ್ತಿ ಉಳಿದಿದ್ದ ಗುರುತಿನಲ್ಲಿ ಉತ್ತರ ಕಾಣುತ್ತಿತ್ತು. ಸರಿಯಾದ ಉತ್ತರ. ಮೂರು ಸಲ ಬರೆದಿದ್ದಳು, ಮೂರು ಸಲವೂ ಸರಿಯಾಗೇ ಬರೆದಿದ್ದಳು. "ಯಾಕಮ್ಮ ಅಳಿಸಿದೆ?" ಅಂದೆ. "ತಪ್ಪೇ ಇರುತ್ತೆ ಮಿಸ್. ನಂದು ಯಾವಾಗ್ಲೂ ತಪ್ಪೇ."

ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದುದು ಇವಳ ಫೀಸಿನ ವಿಷಯಕ್ಕೆ. ಅಪ್ಪ ದುಡ್ಡು ಕೊಡಲ್ಲ ಅನ್ನೋದು, ಅಮ್ಮ ಕೇಳೋದು, ಏಟು ಬೀಳೋದು. ಅವಳು ಅದನ್ನೇ ಒಂದು ಲೆಕ್ಕ ಮಾಡಿಕೊಂಡಿದ್ದಳು. ನಾನಿಲ್ಲದಿದ್ದರೆ ಫೀಸಿಲ್ಲ, ಫೀಸಿಲ್ಲದಿದ್ದರೆ ಜಗಳವಿಲ್ಲ, ಅಮ್ಮನಿಗೆ ಏಟಿಲ್ಲ.

ಮಕ್ಕಳು ತಪ್ಪನ್ನು ತಮ್ಮ ಮೇಲೆ ಯಾಕೆ ಹಾಕಿಕೊಳ್ಳುತ್ತಾರೆ ಗೊತ್ತಾ? ಅನ್ನ, ಬಟ್ಟೆ, ಮಲಗಲು ಜಾಗ ಎಲ್ಲವೂ ಇರುವುದು ಅಪ್ಪ ಅಮ್ಮನ ಕೈಯಲ್ಲಿ. ಆ ಅಪ್ಪನೇ ಸರಿಯಿಲ್ಲ ಅಂತ ಒಪ್ಪಿಕೊಂಡರೆ ಮಗುವಿಗೆ ಕಾಲ ಕೆಳಗಿನ ನೆಲವೇ ಇಲ್ಲದ ಹಾಗಾಗುತ್ತದೆ. ತಪ್ಪು ನನ್ನದು ಅಂದುಕೊಂಡರೆ ಒಂದು ಆಸೆಯಾದರೂ ಉಳಿಯುತ್ತದೆ. ನಾನು ಇನ್ನೂ ಚೆನ್ನಾಗಿ ಓದಿದರೆ, ಸದ್ದು ಮಾಡದೆ ಇದ್ದರೆ, ಏನೂ ಕೇಳದೆ ಇದ್ದರೆ ಮನೆ ಸರಿಹೋಗುತ್ತದೆ ಅನ್ನುವ ಆಸೆ. ಮಗು ಎಷ್ಟು ಒಳ್ಳೆಯದಾಗಿದ್ದರೂ ಮನೆ ಸರಿಹೋಗುವುದಿಲ್ಲ. ಆಗ ಅದು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ನಾನು ಎಷ್ಟು ಮಾಡಿದರೂ ಸಾಲಲ್ಲ, ನಾನೇ ಸರಿಯಿಲ್ಲ.

ಮೈಮೇಲಿನ ಬಾಸುಂಡೆ ವಾರದಲ್ಲಿ ಮಾಯುತ್ತದೆ. ಈ ತೀರ್ಮಾನ ಮಾತ್ರ ಮಗುವಿನ ಜೊತೆಯಲ್ಲೇ ಬೆಳೆಯುತ್ತದೆ.

ಅಲ್ಲಿಂದ ಖಿನ್ನತೆಗೆ ಹೇಗೆ ಹೋಗುತ್ತದೆ?

ಆರನ್ ಬೆಕ್ ಅನ್ನುವ ಮನೋವೈದ್ಯರು ಖಿನ್ನತೆಯಲ್ಲಿ ಮೂರು ಯೋಚನೆ ಒಟ್ಟಿಗೆ ಇರುತ್ತವೆ ಅಂತ ಗುರುತಿಸಿದ್ದರು. ನಾನು ಕೆಲಸಕ್ಕೆ ಬಾರದವನು. ಲೋಕ ನನ್ನ ಪರವಾಗಿಲ್ಲ. ಮುಂದೆಯೂ ಏನೂ ಒಳ್ಳೆಯದಾಗಲ್ಲ. ಏಟು ಬೀಳುವ ಮನೆಯ ಮಗುವಿಗೆ ಈ ಮೂರನ್ನೂ ಯಾರೂ ಹೇಳಿಕೊಡಬೇಕಿಲ್ಲ. ದಿನಾ ಮನೆಯಲ್ಲೇ ನೋಡುತ್ತದೆ.

ಮೊದಲು ಯಾವುದು, ಖಿನ್ನತೆಯಿಂದ ಆತ್ಮಗೌರವ ಕುಸಿಯುತ್ತದೋ, ಆತ್ಮಗೌರವ ಕುಸಿದು ಖಿನ್ನತೆ ಬರುತ್ತದೋ ಅಂತ ಕೇಳುವವರಿದ್ದಾರೆ. ಎರಡೂ ನಿಜ. ಆದರೆ ಜೂಲಿಯಾ ಸೊವಿಸ್ಲೊ, ಉಲ್ರಿಚ್ ಓರ್ತ್ ಅನ್ನುವ ಸಂಶೋಧಕರು 2013ರಲ್ಲಿ 77 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕುಗ್ಗಿದ ಆತ್ಮಗೌರವ ಮುಂದೆ ಖಿನ್ನತೆಗೆ ದಾರಿ ಮಾಡುವುದೇ ಹೆಚ್ಚು ಬಲವಾಗಿ ಕಂಡಿತು. ಟೀಚರ್ ಆಗಿ ನನಗೆ ಇದರಲ್ಲಿ ಒಂದು ಭರವಸೆ ಕಾಣುತ್ತದೆ. ಆ ಮನೆಯನ್ನು ನಾನು ರಿಪೇರಿ ಮಾಡಲಾರೆ. ಆದರೆ ಮಗು ತನ್ನ ಬಗ್ಗೆ ಏನು ನಂಬಿದೆ ಅನ್ನುವುದನ್ನು ಸ್ವಲ್ಪವಾದರೂ ಅಲುಗಾಡಿಸಬಲ್ಲೆ.

ಹಾಗಂತ ಎಲ್ಲ ಖಿನ್ನತೆಗೂ ಮನೆಯ ಏಟೇ ಕಾರಣ ಅಂತ ಅಲ್ಲ. ವಂಶದಲ್ಲಿ ಬರುವುದಿದೆ. ಪ್ರೀತಿ ತುಂಬಿದ ಮನೆಯ ಮಕ್ಕಳಿಗೂ ಬರುತ್ತದೆ. ಮಗುವಿಗೆ ಖಿನ್ನತೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮನ ಕಡೆ ಬೆರಳು ತೋರಿಸುವುದು ತಪ್ಪು.

ಸುಮ್ನೆ ಬೇಜಾರೋ, ಖಿನ್ನತೆಯೋ ಹೇಗೆ ಗೊತ್ತಾಗುತ್ತೆ?

ಬೇಜಾರು ಬರುತ್ತೆ, ಹೋಗುತ್ತೆ. ಗೆಳತಿ ಕರೆದರೆ, ಬೆಣ್ಣೆ ದೋಸೆ ಮುಂದಿಟ್ಟರೆ ಸ್ವಲ್ಪ ಹೊತ್ತಾದರೂ ಮರೆಯುತ್ತೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದಿನವಿಡೀ ಇರುತ್ತದೆ. ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗುತ್ತದೆ. ನಿದ್ದೆ ಬರಲ್ಲ, ಇಲ್ಲವೇ ಎಷ್ಟು ಮಲಗಿದರೂ ಸಾಲಲ್ಲ. ಊಟ ಬಿಡುತ್ತಾರೆ ಅಥವಾ ಜಾಸ್ತಿ ತಿನ್ನುತ್ತಾರೆ. ಓದಿದ್ದು ತಲೆಗೆ ಹತ್ತಲ್ಲ. "ನಂದೇ ತಪ್ಪು" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ನಮ್ಮ ಕಡೆ ಮಕ್ಕಳು "ಮನಸ್ಸಿಗೆ ನೋವಾಗಿದೆ" ಅಂತ ಹೇಳುವುದು ಕಡಿಮೆ. "ತಲೆನೋವು ಮಿಸ್", "ಹೊಟ್ಟೆನೋವು ಮಿಸ್" ಅನ್ನುತ್ತಾರೆ. ಎಲ್ಲ ಟೆಸ್ಟ್ ಮಾಡಿಸಿದರೂ ಏನೂ ಸಿಗದ ಹೊಟ್ಟೆನೋವು ಪ್ರತಿ ಸೋಮವಾರ ಬಂದರೆ, ಭಾನುವಾರ ಮನೆಯಲ್ಲಿ ಏನಾಯ್ತು ಅಂತ ಮೆತ್ತಗೆ ಕೇಳಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಕಂಡುಬಂದಿತ್ತು. ಅದರಲ್ಲಿ ಖಿನ್ನತೆಯೂ ಸೇರಿದೆ.

ನನ್ನ ಮಗ ಅಳಲ್ಲ, ಬರೀ ಸಿಟ್ಟು ಮಾಡ್ತಾನೆ. ಅದು ಖಿನ್ನತೆ ಆಗುತ್ತಾ?

ಆಗಬಹುದು. ಈ ವಯಸ್ಸಿನಲ್ಲಿ ಖಿನ್ನತೆ ಸಿಡುಕಿನ ವೇಷದಲ್ಲೂ ಬರುತ್ತದೆ ಅಂತ ವೈದ್ಯರೇ ಹೇಳುತ್ತಾರೆ. ಗಂಡು ಮಕ್ಕಳಿಗೆ ನಾವು ಅಳಲು ಬಿಡುವುದಿಲ್ಲ, ಅಲ್ವಾ? ಉಳಿಯುವುದು ಸಿಟ್ಟೊಂದೇ.

ಬುದ್ಧಿ ಬರಲಿ ಅಂತ ಒಂದೇಟು ಹೊಡೆಯೋದೂ ತಪ್ಪಾ? ನಾವೂ ಏಟು ತಿಂದೇ ಬೆಳೆದವರು.

"ದಂಡಂ ದಶಗುಣಂ" ಅಂತ ನನ್ನ ಮೇಷ್ಟ್ರೂ ಹೇಳುತ್ತಿದ್ದರು. ನನಗೆ ಹೊಡೆದ ಮೇಷ್ಟ್ರ ಏಟು ನೆನಪಿದೆ, ಯಾಕೆ ಹೊಡೆದರು ಅನ್ನುವುದು ನೆನಪಿಲ್ಲ. ಏಟಿನಿಂದ ಮಗು ಕಲಿಯುವುದು ಸಿಕ್ಕಿಬೀಳದ ಹಾಗೆ ಇರುವುದನ್ನು. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಮಾತಿನ ಏಟನ್ನು ಯಾರೂ ಏಟು ಅಂತ ಲೆಕ್ಕ ಹಾಕುವುದಿಲ್ಲ. "ದಂಡಪಿಂಡ", "ನೀನು ಹುಟ್ಟಿದ ದಿನದಿಂದ ಈ ಮನೆಗೆ ನೆಮ್ಮದಿ ಇಲ್ಲ", "ನಿಮ್ಮಕ್ಕನ ಕಾಲು ತೊಳೆದ ನೀರು ಕುಡಿ". ಸಿಟ್ಟಿನಲ್ಲಿ ಬಂದ ಮಾತು, ನೀವು ಮರೆತಿರುತ್ತೀರಿ. ಮಗು ಅದನ್ನೇ ತನ್ನ ಪರಿಚಯ ಅಂದುಕೊಂಡಿರುತ್ತದೆ.

ಗಾಳಿ ಸೋಕಿದೆ ಅಂತ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿದ್ವಿ. ತಪ್ಪು ಮಾಡಿದ್ವಾ?

ತಪ್ಪಿಲ್ಲ. ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ, ತುಂಗಭದ್ರೆಯ ದಡಕ್ಕೆ, ನಮ್ಮ ಸುತ್ತಿನ ಎಷ್ಟೋ ಮನೆಯವರು ಹೋಗಿ ಸಮಾಧಾನ ತಂದುಕೊಂಡಿದ್ದಾರೆ. ಆ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಅಲ್ಲಿಗೂ ಹೋಗಿ, ಡಾಕ್ಟರ ಹತ್ತಿರವೂ ಹೋಗಿ. ತಿಂಗಳುಗಟ್ಟಲೆ ಕಾಯಬೇಡಿ. ಮತ್ತೆ, ಗಾಳಿ ಬಿಡಿಸುತ್ತೇವೆ ಅಂತ ಯಾರಾದರೂ ಮಗುವಿನ ಮೇಲೆ ಕೈ ಮಾಡಿದರೆ ಅಲ್ಲಿ ನಿಲ್ಲಬೇಡಿ. ಏಟಿನಿಂದ ಬಂದ ನೋವಿಗೆ ಇನ್ನಷ್ಟು ಏಟು ಔಷಧಿಯಲ್ಲ.

ಡಾಕ್ಟರು ಅಂದರೆ ಎಲ್ಲಿ? ಬೆಂಗಳೂರಿಗೇ ಹೋಗಬೇಕಾ?

ಬೇಡ. ಮೊದಲ ಹೆಜ್ಜೆಗೆ ಒಂದು ಫೋನ್ ಸಾಕು. 14416 ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಜಗಳೂರು, ಹೊಳಲ್ಕೆರೆ, ಮೊಳಕಾಲ್ಮುರಿನಂಥ ಕಡೆ ಇರುವವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಂತೆ?

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆರಂಭದ ಹಂತದಲ್ಲಿ ಮಾತಿನ ಚಿಕಿತ್ಸೆಯಿಂದಲೇ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನನ್ನ ಬಗ್ಗೆ ನಾನು ಮಾಡಿಕೊಂಡ ತೀರ್ಮಾನ ನಿಜವಾ ಅಂತ ಮಗುವೇ ಒಂದೊಂದಾಗಿ ಪರೀಕ್ಷಿಸುವ ಹಾಗೆ ಮಾಡುವ ಚಿಕಿತ್ಸೆ ಅದು. ಮಾತ್ರೆ ಬೇಕಾದರೆ ಡಾಕ್ಟರು ಕೊಡುತ್ತಾರೆ. ಚಟ ಹತ್ತಿಸುವ ಮಾತ್ರೆಗಳಲ್ಲ ಅವು. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಮಗುವಿನ ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ನೀವೇ ಅರ್ಧಕ್ಕೆ ನಿಲ್ಲಿಸಬೇಡಿ.

"ನಾನು ಸತ್ತರೆ ಎಲ್ಲರಿಗೂ ಆರಾಮ" ಅಂತಾಳೆ. ಹೆದರಿಸೋಕೆ ಹೇಳ್ತಾಳಾ?

ಹೆದರಿಸೋಕೆ ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ ಪುಟ್ಟಾ?" ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇಟ್ಟುಕೊಂಡಿದ್ದನ್ನು ಹೇಳಿಕೊಳ್ಳಲು ಜಾಗ ಸಿಗುತ್ತದೆ. ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡಿ ಅಥವಾ ಬೇರೆಯವರ ಮನೆಗೆ ಸಾಗಿಸಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಸಾಗುತ್ತೆ ಅಂತ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ.

ನನ್ನ ಗಂಡ ಬದಲಾಗಲ್ಲ, ಮನೆ ಬಿಟ್ಟು ಹೋಗೋ ಹಾಗೂ ಇಲ್ಲ. ಮಕ್ಕಳಿಗಾದರೂ ಏನು ಮಾಡಲಿ?

ಈ ಪ್ರಶ್ನೆ ಕೇಳಿದ ತಾಯಿಯ ಮುಂದೆ "ಬಿಟ್ಟು ಬನ್ನಿ" ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಎಲ್ಲಿಗೆ ಬರಬೇಕು ಅನ್ನುವುದಕ್ಕೆ ಉತ್ತರ ಬೇಕಲ್ಲ.

ಮೊದಲು ಕಾನೂನು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ದುಡ್ಡು ಕೊಡದೆ ಸತಾಯಿಸುವುದೂ ಹಿಂಸೆಯೇ. ಗಂಡ ಹತ್ತಿರ ಬರದ ಹಾಗೆ, ನಿಮ್ಮನ್ನು ಮನೆಯಿಂದ ಹೊರಗೆ ಹಾಕದ ಹಾಗೆ ನ್ಯಾಯಾಲಯ ಆದೇಶ ಕೊಡಬಹುದು. ಮನೆ ಬಿಡಲೇಬೇಕು ಅಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ ಕೇಳಿ, ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜೀವಕ್ಕೇ ಅಪಾಯ ಅನ್ನಿಸಿದರೆ 112.

ಆದರೆ ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸವೂ ಒಂದಿದೆ. ಗಲಾಟೆ ಮುಗಿದ ಮೇಲೆ ಮಗುವಿನ ಪಕ್ಕ ಹೋಗಿ ಮಲಗಿ. "ಏನೂ ಆಗಿಲ್ಲ, ಮಲಗು" ಅನ್ನಬೇಡಿ. ಆಗಿದ್ದು ಅದಕ್ಕೆ ಗೊತ್ತು. "ಇದು ನಿನ್ನಿಂದ ಆಗಿದ್ದಲ್ಲ" ಅನ್ನಿ. ನಾಳೆಯೂ ಅನ್ನಿ. ಒಂದು ಸಲ ಹೇಳಿದರೆ ಮಕ್ಕಳು ನಂಬುವುದಿಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ತಂಡ ದಶಕಗಳ ಕಾಲ ಬೆನ್ನು ಹತ್ತಿ ನೋಡಿದರು. ಬಡತನ, ಜಗಳ, ಕುಡಿತ, ಅಪ್ಪ ಅಮ್ಮನ ಮಾನಸಿಕ ಕಾಯಿಲೆ ಇಂಥ ಕಷ್ಟಗಳ ಮಧ್ಯೆ ಬೆಳೆದವರಲ್ಲೂ ಸುಮಾರು ಮೂರನೇ ಒಂದರಷ್ಟು ಮಕ್ಕಳು ಗಟ್ಟಿಯಾಗಿ, ಪ್ರೀತಿಯುಳ್ಳವರಾಗಿ ಬೆಳೆದಿದ್ದರು. ಅವರಲ್ಲಿ ಪದೇ ಪದೇ ಕಂಡಿದ್ದು, ಯಾವ ಶರತ್ತೂ ಇಲ್ಲದೆ ಹಚ್ಚಿಕೊಂಡ ಒಬ್ಬರಾದರೂ ದೊಡ್ಡವರು ಇದ್ದದ್ದು. ಅಜ್ಜಿ, ಚಿಕ್ಕಪ್ಪ, ಟೀಚರ್, ಪಕ್ಕದ ಮನೆಯವರು, ಯಾರಾದರೂ ಆಗಬಹುದು.

ನೋಟ್‌ಬುಕ್ ತೂತು ಮಾಡಿದ ಹುಡುಗಿಗೆ ಹರಿಹರದಲ್ಲಿ ಒಬ್ಬ ಸೋದರತ್ತೆ ಇದ್ದಾರೆ. ಶನಿವಾರ ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ಶಾಲೆ ಗೇಟಿಗೆ ತಂದು ಬಿಡುತ್ತಾರೆ. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕಳಿಸುತ್ತಾರೆ. ಅವಳ ಮನೆ ಇನ್ನೂ ಹಾಗೇ ಇದೆ. ಆದರೆ ಹೋದ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರವನ್ನು ಅಳಿಸದೆ ಹಾಗೇ ಬಿಟ್ಟಿದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹೊಡೆಯೋನು ನಾನೇ. ಆಮೇಲೆ ಅಳು ಬರುತ್ತೆ. ಏನು ಮಾಡಲಿ ಮೇಡಂ?

ಒಬ್ಬರೇ ಒಬ್ಬ ಅಪ್ಪ ಇದನ್ನು ಕೇಳಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಮಗುವಿನ ಹತ್ತಿರ ಹೋಗಿ "ನಾನು ಹೊಡೆದಿದ್ದು ತಪ್ಪು, ನಿನ್ನ ತಪ್ಪಲ್ಲ" ಅಂತ ಬಾಯಿಬಿಟ್ಟು ಹೇಳಿ. ಬರೀ ಚಾಕಲೇಟ್ ತಂದುಕೊಟ್ಟರೆ ಸಾಲದು. ಕುಡಿತವಿದ್ದರೆ ಅದಕ್ಕೂ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೇಳಿ. 14416ಕ್ಕೆ ನೀವೂ ಫೋನ್ ಮಾಡಬಹುದು. ಆದರೆ ಕುಡಿತ ಬಿಟ್ಟ ಮೇಲೆ ಹೊಡೆಯೋದು ಬಿಡ್ತೀನಿ ಅನ್ನಬೇಡಿ. ಹೊಡೆಯುವುದನ್ನು ಇವತ್ತೇ ಬಿಡಬೇಕು.

ನಾನು ಹತ್ತನೇ ಕ್ಲಾಸು. 1098ಕ್ಕೆ ಫೋನ್ ಮಾಡಿದರೆ ಪೊಲೀಸರು ಅಪ್ಪನನ್ನು ಹಿಡ್ಕೊಂಡು ಹೋಗ್ತಾರಾ ಮಿಸ್?

ಈ ಭಯಕ್ಕೇ ಎಷ್ಟೋ ಮಕ್ಕಳು ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟುಬಿಡುತ್ತಾರೆ. 1098 ಮಕ್ಕಳ ಸಹಾಯವಾಣಿ. ಮೊದಲು ನಿನ್ನ ಮಾತು ಕೇಳುತ್ತಾರೆ. ಈಗ ನೀನು ಸುರಕ್ಷಿತವಾಗಿದ್ದೀಯಾ ಅಂತ ವಿಚಾರಿಸುತ್ತಾರೆ. ನಿನಗೆ ಈಗಲೇ ಅಪಾಯವಿದ್ದರೆ ಪೊಲೀಸರ ಸಹಾಯ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರ ಮೂಲಕ ಸಹಾಯ ಕೊಡಿಸುತ್ತಾರೆ. ಆದರೆ ಯಾರಾದರೂ ನಿನ್ನ ಮೈ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದರೆ ಅದು 2012ರ ಪೋಕ್ಸೊ ಕಾಯ್ದೆಯಡಿ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯಡಿ ಬರುತ್ತದೆ. ಅದು ಗೊತ್ತಾದ ಯಾರೇ ಆಗಲಿ, ನಾನೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮುಚ್ಚಿಟ್ಟು ನಿನ್ನಿಂದ ಮಾತು ತೆಗೆಸುವುದು ನನಗೆ ಇಷ್ಟವಿಲ್ಲ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ.

ಮನೆಯ ಫೋನಿನಿಂದ ಮಾಡಲು ಹೆದರಿಕೆಯಾದರೆ ಶಾಲೆಗೆ ಬಾ. ಸ್ಟಾಫ್ ರೂಮಿನಲ್ಲಿ ನಾಲ್ಕೂವರೆ ಆದ ಮೇಲೆ ಯಾರೂ ಇರುವುದಿಲ್ಲ, ನಾನಿರುತ್ತೇನೆ. ನೀನು ಮಾತಾಡು, ನಾನು ಬಾಗಿಲ ಹತ್ತಿರ ಕೂತಿರುತ್ತೇನೆ.